ಮಳೆ, ಮಂಜು, ಕೂಲಿ: ನೀಲಗಿರಿಯ ದಿನಚರಿಗಳಲ್ಲಿ ಹೆಸರಿಲ್ಲದವರು

ಮೈಸೂರಿನಿಂದ ಹೊರಟ ಬಸ್ಸು ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಹೊಕ್ಕ ಮೇಲೆ ತೆಪ್ಪಕಾಡಿನಲ್ಲಿ ರಸ್ತೆ ಎರಡಾಗುತ್ತದೆ. ಒಂದು ಮಸಿನಗುಡಿಯ ಮೇಲೆ ಹಾದು ಕಲ್ಲಟ್ಟಿಯ 36 ತಿರುವುಗಳನ್ನು ಹತ್ತಿ ಊಟಿ ಸೇರುತ್ತದೆ. ಇನ್ನೊಂದು ಗುಡಲೂರು, ನಡುವಟ್ಟಂ ಸುತ್ತಿಕೊಂಡು ಅದೇ ಊಟಿಗೆ ಹೋಗುತ್ತದೆ. ದೂರ ಹೆಚ್ಚು, ಏರು ಕಡಿಮೆ. ನಮ್ಮ ಕಡೆಯಿಂದ ಹೋಗುವವರು ಹೆಚ್ಚಾಗಿ ಗುಡಲೂರಿನಲ್ಲಿ ಇಳಿದು ಚಾ ಕುಡಿಯುತ್ತಾರೆ. ನಾನೂ ಇಳಿದೆ.

ಹೋಟೆಲಿನ ಗಲ್ಲಾದಲ್ಲಿದ್ದ ಹಿರಿಯರ ಹತ್ತಿರ ಬ್ಯಾರಿ ಬಾಸೆಯಲ್ಲೇ ಮಾತಾಡಿಸಿದೆ. ಅವರು ಮಲಯಾಳಂನಲ್ಲಿ ಉತ್ತರ ಕೊಟ್ಟು, "ಕಾಸರಗೋಡಾ?" ಎಂದು ಕೇಳಿದರು. ಘಟ್ಟದ ಮೇಲೆ ನಮ್ಮನ್ನು ಕಂಡವರೆಲ್ಲ ಕೇಳುವ ಪ್ರಶ್ನೆ ಇದೇ. ಮಂಗಳೂರು ಎಂದೆ. ಮಾತು ಮುಂದುವರಿಯಿತು. ಅವರ ಅಜ್ಜ ಈ ಊರಿಗೆ ಬಂದವರಂತೆ. ಯಾವ ವರ್ಷ? ಗೊತ್ತಿಲ್ಲ. ತೋಟದ ಕೆಲಸಕ್ಕೋ ವ್ಯಾಪಾರಕ್ಕೋ? ಎರಡಕ್ಕೂ ಇರಬಹುದು. ಕಾಗದ ಏನಾದರೂ ಉಂಟಾ ಎಂದು ಕೇಳಿದಾಗ ಅವರು ನಕ್ಕರು. "ಕಾಗದ ಇದ್ದಿದ್ದರೆ ನಮಗೆ ಇಷ್ಟು ತಾಪತ್ರಯ ಯಾಕೆ?"

ಆ ಮಾತಿನ ಹಿಂದೆ ಗುಡಲೂರಿನ ಜಮೀನಿನ ಕಥೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಊರಿಗೆ ಮರಳಿದ ಮೇಲೆ ನನಗೆ ಹಿಡಿದ ಹುಚ್ಚು ಬೇರೆ. ಈ ಬೆಟ್ಟದ ಬಗ್ಗೆ ಯಾರು ಯಾರು ದಿನಚರಿ ಬರೆದಿದ್ದಾರೆ, ಪತ್ರ ಬರೆದಿದ್ದಾರೆ, ಅವುಗಳಲ್ಲಿ ಆ ಹಿರಿಯರ ಅಜ್ಜನಂಥವರು ಎಲ್ಲಾದರೂ ಕಾಣುತ್ತಾರಾ ಎಂದು ಹುಡುಕತೊಡಗಿದೆ. ಹಿಂದೂಸ್ಥಾನದಲ್ಲಿ ನೀಲಗಿರಿಯಷ್ಟು ಬರೆಯಿಸಿಕೊಂಡ ಗುಡ್ಡಗಾಡು ಪ್ರದೇಶಗಳು ಕಡಿಮೆ. ಜ್ವರ ಬಂದ ಸಿಪಾಯಿ, ರಜೆ ಹಾಕಿದ ಕಲೆಕ್ಟರ್, ಬೇಸರಗೊಂಡ ಮೇಡಂ, ಧರ್ಮ ಸಾರಲು ಬಂದ ಪಾದ್ರಿ, ಎಲ್ಲರೂ ಇಲ್ಲಿಗೆ ಬಂದು ಮಂಜು ನೋಡಿ ಪೆನ್ನು ಹಿಡಿದವರೇ.

ಬೆಟ್ಟದ ಹೆಸರು ಬರಹಕ್ಕೆ ಬಂದದ್ದು ಮಾತ್ರ ಇವರಿಗಿಂತ ಬಹಳ ಹಿಂದೆ, ಅದೂ ಕನ್ನಡದಲ್ಲಿ. ಚಾಮರಾಜನಗರದಲ್ಲಿರುವ 1117ರ ಶಾಸನ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ ವಿಜಯಗಳನ್ನು ಹೇಳುವಾಗ ತೋಡರನ್ನೂ ನೀಲಗಿರಿಯನ್ನೂ ಹೆಸರಿಸುತ್ತದೆ. ಅಲ್ಲಿ ಊರಿನ ಬದುಕೇನೂ ಇಲ್ಲ, ಯಾರು ಯಾರನ್ನು ಹೆದರಿಸಿದರು ಎಂಬುದಷ್ಟೇ ಇದೆ. ಗುಡಿಸಲು, ಎಮ್ಮೆ, ಊಟ ಇವೆಲ್ಲ ಕಾಣಬೇಕಾದರೆ ಮತ್ತೂ ಐದು ಶತಮಾನ ಕಾಯಬೇಕು.

1603ರಲ್ಲಿ ಕಲ್ಲಿಕೋಟೆಯಲ್ಲಿದ್ದ ಜೆಸ್ಯೂಟ್ ಪಾದ್ರಿ ಫೆನಿಸಿಯೊ ಬೆಟ್ಟ ಹತ್ತಿದ. ಮೇಲೆ ಹಳೆಯ ಕಾಲದ ಕ್ರೈಸ್ತರು ಇದ್ದಾರೆ ಎಂಬ ಗಾಳಿಸುದ್ದಿಯನ್ನು ಪರೀಕ್ಷಿಸುವುದು ಅವನ ಕೆಲಸ. ಕ್ರೈಸ್ತರು ಯಾರೂ ಸಿಗಲಿಲ್ಲ. ಸಿಕ್ಕಿದವರು ಬಡಗರು, ತೋಡರು. ಹಿಂದಿರುಗಿದ ಮೇಲೆ ತನ್ನ ಮೇಲಧಿಕಾರಿಗೆ ಬರೆದ ಪತ್ರದಲ್ಲಿ ಅವನು ಬಡಗರ ಊರು, ಅವರು ಬೆಳೆಯುವ ಸಾಕುವ ವಸ್ತುಗಳು, ತೋಡರ ಎಮ್ಮೆ, ಅವರ ಪೂಜಾರಿಯ ಜತೆ ನಡೆದ ಮಾತುಕತೆ ಎಲ್ಲ ಹೇಳಿದ್ದಾನೆ. ಹೆಂಗಸರಿಗೆ ಕನ್ನಡಿ, ನೂಲು ಹಂಚಿದ್ದನ್ನೂ ಬರೆದಿದ್ದಾನೆ. ಈ ಪತ್ರ ಮುನ್ನೂರು ವರ್ಷ ಕಡತದಲ್ಲಿ ಮಲಗಿತ್ತು. ತೋಡರ ಬಗ್ಗೆ ಡಬ್ಲ್ಯು.ಎಚ್.ಆರ್. ರಿವರ್ಸ್ 1906ರಲ್ಲಿ ಹೊರತಂದ ದೊಡ್ಡ ಪುಸ್ತಕದ ಕೊನೆಯಲ್ಲಿ ಇಂಗ್ಲಿಷಿಗೆ ಬಂದು ಅಚ್ಚಾಯಿತು.

ಪತ್ರ ಓದುವಾಗ ನನಗೆ ಬಂದ ಪ್ರಶ್ನೆ ಇದು: ಫೆನಿಸಿಯೊಗೆ ದಾರಿ ತೋರಿಸಿದವರು ಯಾರು? ಮಲಬಾರಿನ ಬಯಲಿನಿಂದ ಆ ಎತ್ತರಕ್ಕೆ ಆಗಲೇ ಕಾಲುದಾರಿ ಇತ್ತು, ಅಲ್ಲಿಯ ಭಾಷೆ ಬಲ್ಲ ದುಭಾಷಿ ಸಿಗುತ್ತಿದ್ದ, ಕನ್ನಡಿ ನೂಲು ಕೊಂಡುಹೋದರೆ ಬೆಲೆ ಇದೆ ಎಂದು ಯಾರಿಗೋ ಗೊತ್ತಿತ್ತು. ಅಂದರೆ ಪಾದ್ರಿಗಿಂತ ಮೊದಲು ವ್ಯಾಪಾರಿ ಹೋಗಿದ್ದಾನೆ. ಉಪ್ಪು, ಬಟ್ಟೆ ಹೊತ್ತುಕೊಂಡು ಮೇಲೆ ಹೋಗಿ ಜೇನು, ಮೇಣ, ತುಪ್ಪ ಹೊತ್ತುಕೊಂಡು ಇಳಿಯುವ ವ್ಯಾಪಾರ ಪಶ್ಚಿಮ ಘಟ್ಟದ ಉದ್ದಕ್ಕೂ ಇದ್ದದ್ದೇ. 'ಬ್ಯಾರ' ಎಂದರೆ ವ್ಯಾಪಾರ, ಅದರಿಂದಲೇ ಬ್ಯಾರಿ ಎಂಬ ಹೆಸರು ಬಂತು ಎನ್ನುವವರು ನಮ್ಮಲ್ಲಿ ಇದ್ದಾರಲ್ಲ, ಅವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ವ್ಯಾಪಾರಿ ಪತ್ರ ಬರೆಯಲಿಲ್ಲ. ಆ ದಾರಿಯಲ್ಲಿ ನಡೆದವನು ಮಾಪಿಳ್ಳೆಯೋ, ಚೆಟ್ಟಿಯೋ, ಬೇರೆ ಯಾರೋ ಎಂದು ಪಾದ್ರಿಯ ಪತ್ರದಿಂದ ಹೇಳಲು ಬರುವುದಿಲ್ಲ.

ಟಿಪ್ಪು ಸುಲ್ತಾನರು 1799ರಲ್ಲಿ ಹುತಾತ್ಮರಾದ ಮೇಲೆ ಈ ಬೆಟ್ಟ ಕಂಪೆನಿಯ ಕೈಗೆ ಹೋಯಿತು. ಆಮೇಲೂ ಇಪ್ಪತ್ತು ವರ್ಷ ಇಂಗ್ಲಿಷರು ಹೆಚ್ಚು ತಲೆಹಾಕಲಿಲ್ಲ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಕೋಟಗಿರಿಯ ಕಡೆಯಿಂದ ಹತ್ತಿದ. 1821ರಲ್ಲಿ ಮದರಾಸಿನ ಪತ್ರಿಕೆಯೊಂದರಲ್ಲಿ ಹೆಸರು ಹೇಳದ ಯಾರೋ ಬರೆದ ಪತ್ರದಲ್ಲಿ 'ವೊಟೊಕಿಮಂಡ್' ಎಂಬ ಊರು ಕಾಣಿಸಿತು. ಇಂಗ್ಲಿಷ್ ಬರಹದಲ್ಲಿ ಊಟಿಯ ಮೊದಲ ಹೆಸರು ಅದು. ಕೊನೆಯ 'ಮಂಡ್' ತೋಡರ ಹಟ್ಟಿಗೆ ಹೊರಗಿನವರು ಹೇಳುವ ಮಾತು. ಸಲ್ಲಿವನ್ ತೋಡರಿಂದ ಜಾಗ ತೆಗೆದುಕೊಂಡು 1822ರಲ್ಲಿ ಕಲ್ಲಿನ ಮನೆ ಕಟ್ಟಿಸಲು ಶುರುಮಾಡಿದ. ಎಕರೆಗೆ ಒಂದು ರೂಪಾಯಿ ಕೊಟ್ಟ ಎಂಬ ಮಾತಿದೆ. ಕೆರೆ ಕಟ್ಟಿಸಿದ, ಇಂಗ್ಲೆಂಡಿನ ತರಕಾರಿ ಬೆಳೆಸಿದ. ಅವನ ಹೆಂಡತಿ ಮತ್ತು ಮಗಳು ಇಲ್ಲಿಯೇ ತೀರಿಹೋದರು, ಸೇಂಟ್ ಸ್ಟೀಫನ್ಸ್ ಇಗರ್ಜಿಯ ಅಂಗಳದಲ್ಲಿ ಅವರ ಗೋರಿಗಳಿವೆ. ಆ ಇಗರ್ಜಿಯೊಳಗೆ ಹೋದವರು ತಲೆ ಎತ್ತಿ ತೊಲೆಗಳನ್ನು ನೋಡಬೇಕು. ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯನ್ನು ಕಳಚಿ ತಂದ ಮರ ಅದು ಎಂದು ಅಲ್ಲಿಯವರು ತೋರಿಸುತ್ತಾರೆ. ಇಗರ್ಜಿ 1831ರಲ್ಲಿ ಪ್ರಾರ್ಥನೆಗೆ ತೆರೆಯಿತು. ಶ್ರೀರಂಗಪಟ್ಟಣದಿಂದ ಆ ಎತ್ತರಕ್ಕೆ ಅಂಥ ತೊಲೆಗಳು ಹೇಗೆ ಹೋದವು, ಎಷ್ಟು ಜನ, ಎಷ್ಟು ಎತ್ತು, ಎಷ್ಟು ದಿನ? ಹೊತ್ತವರು ಬರೆದಿದ್ದರೆ ಅದೊಂದೇ ಒಂದು ಪುಸ್ತಕವಾಗುತ್ತಿತ್ತು.

ಹೊರುವವರ ವಿಷಯ ಬಂದಾಗ ಮೆಕಾಲೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಇಂಗ್ಲಿಷ್ ಶಿಕ್ಷಣದ ಮೆಕಾಲೆ ಎಂದು ನಾವು ಶಾಲೆಯಲ್ಲಿ ಓದಿದ್ದು ಇವನನ್ನೇ. 1834ರ ಜೂನ್‌ನಲ್ಲಿ ಮದರಾಸಿಗೆ ಬಂದಿಳಿದಾಗ ಗವರ್ನರ್ ಜನರಲ್ ಬೆಂಟಿಂಕ್ ಊಟಿಯಲ್ಲಿದ್ದ. ಅವನನ್ನು ಕಾಣಲು ಮೆಕಾಲೆ ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರಿನ ಮೂಲಕ ಪಲ್ಲಕ್ಕಿಯಲ್ಲಿ ಹೊರಟ. ನಾನೂರು ಮೈಲಿ ದಾರಿಯನ್ನು ಪೂರ್ತಿ ಮನುಷ್ಯರ ಹೆಗಲ ಮೇಲೆ ಬಂದೆ ಎಂದು ತಂಗಿಗೆ ಬರೆದ ಪತ್ರದಲ್ಲಿ ತಾನೇ ಹೇಳಿಕೊಂಡಿದ್ದಾನೆ. ಶ್ರೀರಂಗಪಟ್ಟಣದಲ್ಲಿ ಅವನಿಗೆ ಸ್ವಂತ ಕೆಲಸವೂ ಇತ್ತು. ಅವನ ದೊಡ್ಡಪ್ಪನೊಬ್ಬ ಅಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವನು. ಆಮೇಲೆ ಕಾಡು, ಆಮೇಲೆ ಬೆಟ್ಟ. ಮೇಲಿನ ಹುಲ್ಲುಗಾವಲು, ಮರಗುಂಪು ಕಂಡು ಅವನಿಗೆ ತನ್ನ ದೇಶದ ಕಾಡೂ ಗುಡ್ಡವೂ ನೆನಪಾದವು. ಮಳೆ ಹಿಡಿದುಕೊಂಡಿತು. ಸೆಪ್ಟೆಂಬರ್‌ವರೆಗೆ ಒಳಗೆ ಕೂತು ಪುಸ್ತಕ ಓದಿದ, ತನ್ನ ಹತ್ತಿರವಿದ್ದ 'ಕ್ಲಾರಿಸ್ಸಾ' ಕಾದಂಬರಿಯನ್ನು ಅಲ್ಲಿದ್ದ ದೊರೆಗಳಿಗೆಲ್ಲ ಓದಿಸಿದ.

ಅವನು ಬರೆದದ್ದು ಸುಳ್ಳು ಎನ್ನುವಂತಿಲ್ಲ. ಪತ್ರಗಳು ಚೆನ್ನಾಗಿವೆ, ಒಳ್ಳೆಯ ಕಣ್ಣಿದೆ. ಆದರೆ ನಾನೂರು ಮೈಲಿ ಹೊತ್ತವರಲ್ಲಿ ಒಬ್ಬನ ಹೆಸರೂ ನಮಗೆ ದೊರೆಯುವುದಿಲ್ಲ. ಪಲ್ಲಕ್ಕಿಯೊಳಗಿಂದ ಕಂಡ ನೀಲಗಿರಿ ಅದು. ಹೊತ್ತವನ ಕಣ್ಣಿಗೆ ಅದೇ ದಾರಿಯಲ್ಲಿ ಕಂಡದ್ದು ಕಲ್ಲು, ಜಿಗಣೆ, ಮುಂದಿನವನ ಹಿಮ್ಮಡಿ. ಬೆಟ್ಟದ ಬುಡದ ಕಾಡಿನಲ್ಲಿ ರಾತ್ರಿ ತಂಗಿದರೆ ಜ್ವರ ಖಂಡಿತ ಎಂದು ದೊರೆಗಳೆಲ್ಲ ಹೆದರುತ್ತಿದ್ದ ಕಾಲ. ದೊರೆ ಬೇಗ ದಾಟಬೇಕೆಂದರೆ ಬೋವಿ ಬೇಗ ಓಡಬೇಕು. ದೊರೆಯನ್ನು ಮೇಲೆ ಇಳಿಸಿ ಅವನು ಮತ್ತೆ ಅದೇ ಜ್ವರದ ಕಾಡಿಗೆ ಇಳಿಯಬೇಕು.

ರಿಚರ್ಡ್ ಬರ್ಟನ್ ಬಂದದ್ದು 1847ರಲ್ಲಿ, ಕಾಯಿಲೆಯ ರಜೆಯ ಮೇಲೆ. ಗೋವಾ, ಮಲಬಾರು ನೋಡಿಕೊಂಡು ಬೆಟ್ಟ ಹತ್ತಿದ. 1851ರಲ್ಲಿ ಬಂದ ಅವನ ಪುಸ್ತಕದ ಹೆಸರಿನಲ್ಲೇ ಗೋವಾ ಮತ್ತು ನೀಲಗಿರಿ ಎರಡೂ ಇವೆ, ಆರು ತಿಂಗಳ ಕಾಯಿಲೆ ರಜೆಯ ಮಾತೂ ಇದೆ. ಎಲ್ಲರೂ ಊಟಿಯನ್ನು ಹೊಗಳಿದರೆ ಇವನು ಗೊಣಗಿದ. ಚಳಿ ಸರಿಯಿಲ್ಲ, ಜನ ಸರಿಯಿಲ್ಲ, ಹೊತ್ತು ಹೋಗುವುದಿಲ್ಲ. ನನಗೆ ಈ ಗೊಣಗಾಟ ಇಷ್ಟ. ಹೊಗಳುವವರು ದೂರದ ಬೆಟ್ಟ ನೋಡುತ್ತಾರೆ, ಗೊಣಗುವವನು ಸೋರುವ ಮಾಡು, ಬಾಡಿಗೆ, ಸಾಮಾನಿನ ಬೆಲೆ ಎಲ್ಲ ಹೇಳಿಬಿಡುತ್ತಾನೆ. ಮಲಬಾರಿನ ಮಾಪಿಳ್ಳೆಯರ ಬಗ್ಗೆಯೂ ಬರೆದಿದ್ದಾನೆ. ಅದನ್ನು ಓದುವಾಗ ಮಾತ್ರ ಅವನ ವಯಸ್ಸು ಇಪ್ಪತ್ತಾರು, ನೌಕರಿ ಕಂಪೆನಿಯ ಸೈನ್ಯದ್ದು ಎಂಬುದನ್ನು ಮರೆಯಬಾರದು.

ಇಷ್ಟರಲ್ಲಿ ನಿಜವಾದ ದಿನಚರಿಕಾರ ಎಂದರೆ ಎಡ್ವರ್ಡ್ ಲಿಯರ್. ಮಕ್ಕಳ ತಮಾಷೆ ಪದ್ಯ ಬರೆದವನು ಎಂದು ಅವನ ಹೆಸರು, ಹೊಟ್ಟೆಪಾಡು ಚಿತ್ರ ಬರೆಯುವುದು. ವೈಸರಾಯ್ ನಾರ್ತ್‌ಬ್ರೂಕ್ ಕರೆದನೆಂದು ಅರುವತ್ತು ದಾಟಿದ ವಯಸ್ಸಿನಲ್ಲಿ 1873ರ ಕೊನೆಗೆ ಹಿಂದೂಸ್ಥಾನಕ್ಕೆ ಬಂದ, 1874ರಲ್ಲಿ ಕೂನೂರು, ಊಟಿ ಕಂಡು ಮಲಬಾರಿಗೆ ಇಳಿದ. ಪ್ರತಿದಿನ ಎದ್ದ ಹೊತ್ತು, ತಿಂದದ್ದು, ಮಳೆ ಬಂದದ್ದು, ಮಂಜು ಕವಿದು ಚಿತ್ರ ಬರೆಯಲಾಗದೆ ಹೋದದ್ದು ಎಲ್ಲವನ್ನೂ ಗುರುತು ಹಾಕಿದ. ಹಾರ್ವರ್ಡ್‌ನ ಹೌಟನ್ ಲೈಬ್ರರಿಯಲ್ಲಿ ಅವನ ದಿನಚರಿಗಳಿವೆ. ಹಿಂದೂಸ್ಥಾನದ ಭಾಗ 1953ರಲ್ಲಿ ಪುಸ್ತಕವಾಗಿ ಬಂತು. ಈ ಪ್ರವಾಸದಲ್ಲಿ ಸುಮಾರು ಎರಡು ಸಾವಿರ ಚಿತ್ರ ಬರೆದನಂತೆ. ಚಿತ್ರದ ಮೇಲೆಯೇ ಸ್ಥಳ, ತಾರೀಕು, ಇಲ್ಲಿ ಇಂಥ ಬಣ್ಣ ಎಂದು ಪುಟ್ಟ ಅಕ್ಷರದಲ್ಲಿ ಬರೆದಿಡುವುದು ಅವನ ಅಭ್ಯಾಸ. ಫೋಟೊ ಅಪರೂಪವಾಗಿದ್ದ ಕಾಲದಲ್ಲಿ ಯಾವ ಗುಡ್ಡ ಬೋಳಾಗಿತ್ತು, ಯಾವುದರಲ್ಲಿ ಮರವಿತ್ತು ಎಂದು ತಿಳಿಯಲು ಇಂಥ ಚಿತ್ರ ಒಂದು ಸಾಕ್ಷಿ.

ಲಿಯರ್‌ನ ದಿನಚರಿಯಲ್ಲಿ ಇನ್ನೊಂದು ವಿಷಯ ಕಂಡು ಮನಸ್ಸು ತುಂಬಿತು. ಅವನ ಜತೆಗಿದ್ದ ಆಳಿಗೆ ಹೆಸರಿದೆ. ಜಾರ್ಜಿಯೊ ಕೊಕಾಲಿ, ಕೊರ್ಫು ದ್ವೀಪದಿಂದ ಬಂದವನು. ಅವನ ಹಸಿವು, ಅವನ ಕಾಯಿಲೆ, ಅವನ ಮಾತು ಪುಟಪುಟದಲ್ಲಿ ಬರುತ್ತವೆ. ಸಿಲೋನಿನಲ್ಲಿ ಅವನು ಹಾಸಿಗೆ ಹಿಡಿದಾಗ ಲಿಯರ್ ಪ್ರವಾಸವನ್ನೇ ಮೊಟಕುಗೊಳಿಸಿದ. ಅಂದರೆ ಹೆಸರು ಬರೆಯುವುದು ಆ ಕಾಲದ ದೊರೆಗಳಿಗೆ ಆಗದ ಕೆಲಸವೇನೂ ಆಗಿರಲಿಲ್ಲ.

ಈಗ ನಮ್ಮ ಊರಿಗೇ ಸಂಬಂಧಪಟ್ಟ ಸಂಗತಿ. ಮಂಗಳೂರಿನವರಿಗೆ ಬಾಸೆಲ್ ಮಿಶನ್ ಎಂದರೆ ಹಂಚಿನ ಕಾರ್ಖಾನೆ, ಬಲ್ಮಠ, ಅಚ್ಚುಕೂಟ. 1834ರಲ್ಲಿ ಕರಾವಳಿಗೆ ಬಂದ ಆ ಮಿಶನ್ನಿನ ಒಂದು ಕೊಂಬೆ 1846ರಲ್ಲಿ ನೀಲಗಿರಿಯ ಕೇತಿಗೆ ಹಬ್ಬಿತು. ಅಲ್ಲಿ ನೆಲೆಸಿದ್ದ ಕಾಸಾಮೇಜರ್ ಎಂಬ ನಿವೃತ್ತ ಅಧಿಕಾರಿ ಬಡಗ ಮಕ್ಕಳಿಗೆ ಶಾಲೆ ತೆರೆದಿದ್ದ, ತೀರಿಕೊಂಡಾಗ ತನ್ನ ಆಸ್ತಿಯನ್ನು ಮಿಶನ್ನಿಗೆ ಬಿಟ್ಟ. ಕನ್ನಡ ಬೈಬಲಿನ ಕೆಲಸ ಮಾಡಿದ್ದ ವೈಗ್ಲೆ ಅಲ್ಲಿಗೆ ಹೋದ. ಯಾಕೆ ಕನ್ನಡ ಬಲ್ಲವರೇ ಬೇಕಾಯಿತು ಎಂದರೆ ಬಡಗರ ಮಾತು ಕನ್ನಡಕ್ಕೆ ಅಷ್ಟು ಹತ್ತಿರ. ಹೆಸರೇ ಹೇಳುತ್ತದೆ, ಅವರು ಬಡಗಣದಿಂದ, ಅಂದರೆ ಮೈಸೂರು ಸೀಮೆಯಿಂದ ಹೋದವರು. ಆ ಬೆಟ್ಟದ ಊರುಗಳ ಹೆಸರನ್ನು ನಮ್ಮ ಮಕ್ಕಳಿಗೆ ಓದಿ ಹೇಳಿ ನೋಡಿ: ದೊಡ್ಡಬೆಟ್ಟ, ಕಲ್ಲಟ್ಟಿ, ಮಾವನಹಳ್ಳ, ಮಸಿನಗುಡಿ. ಯಾವ ಭಾಷೆ ಎಂದು ಕೇಳಬೇಕಾಗಿಲ್ಲ.

ಕೇತಿಯಲ್ಲಿದ್ದವರ ಪೈಕಿ ಮೆಟ್ಸ್ ಎಂಬಾತ ವಿಶೇಷ. ಕುದುರೆ, ಪಲ್ಲಕ್ಕಿಯ ಗೊಡವೆಯಿಲ್ಲದೆ ಹಟ್ಟಿಯಿಂದ ಹಟ್ಟಿಗೆ ಓಡಾಡಿ, ಬಡಗರು ಕೊಟ್ಟ ಜಾಗದಲ್ಲಿ ಮಲಗಿ, ಅವರ ಮಾತಿನಲ್ಲೇ ಮಾತಾಡುತ್ತಾ ಮೂರು ದಶಕಕ್ಕೂ ಹೆಚ್ಚು ಕಾಲ ಕಳೆದ. ಬಾಸೆಲಿನ ಮಿಶನರಿಗಳು ಆಗಾಗ ವರದಿ ಬರೆದು ಕಳುಹಿಸಲೇಬೇಕೆಂಬ ನಿಯಮ ಇತ್ತು. ಹಾಗಾಗಿ ಅವರ ದಿನಗಳು ಕಾಗದಕ್ಕೆ ಇಳಿದವು, ಇಂದಿಗೂ ಬಾಸೆಲಿನ ದಫ್ತರದಲ್ಲಿವೆ. ನೀಲಗಿರಿಯ ಬುಡಕಟ್ಟುಗಳ ಬಗ್ಗೆ ಮೆಟ್ಸ್ ಬರೆದ ಪುಸ್ತಕದ ಎರಡನೆಯ ಮುದ್ರಣ 1864ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ ಆಯಿತು. ಇಷ್ಟೆಲ್ಲ ನಡೆದರೂ ಬಡಗರಲ್ಲಿ ಮೊದಲ ದೀಕ್ಷೆ ಆದದ್ದು ಹನ್ನೆರಡು ವರ್ಷಗಳ ನಂತರ, 1858ರಲ್ಲಿ. ಮತಾಂತರಕ್ಕೆ ಬಂದವನ ಬರಹ ಎಂಬ ಎಚ್ಚರಿಕೆ ಇಟ್ಟುಕೊಂಡೇ ಓದಬೇಕು. ಬಡಗರ ನಂಬಿಕೆಗಳ ಬಗ್ಗೆ ಅವನ ತೀರ್ಪು ಕಟುವಾಗಿದೆ. ಆದರೂ ಬಾವುಟ ಹಿಡಿದು ಬಂದವರಿಗಿಂತ ನಡೆದು ಬಂದವನಿಗೆ ಹೆಚ್ಚು ಕಂಡಿದೆ. ಯಾರು ಯಾರಿಗೆ ಧಾನ್ಯ ಕೊಡುತ್ತಾರೆ, ಕೋತರು ಯಾರ ಮನೆಯ ನೇಗಿಲಿನ ಗುಳ ಮಾಡುತ್ತಾರೆ, ಸಾವಿನ ಮನೆಯಲ್ಲಿ ಯಾರು ವಾದ್ಯ ಬಾರಿಸುತ್ತಾರೆ, ಕುರುಂಬರೆಂದರೆ ಯಾಕೆ ಹೆದರಿಕೆ, ಇದೆಲ್ಲ ಪಲ್ಲಕ್ಕಿಯಿಂದ ಕಾಣುವ ವಿಷಯಗಳಲ್ಲ.

ಈ ಬರಹಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಬೆಟ್ಟ ಬದಲಾದ ರೀತಿ ಸ್ಪಷ್ಟವಾಗುತ್ತದೆ. ಮೊದಲು ಬಂದವರು ಕಂಡದ್ದು ಅಲೆಅಲೆಯಾದ ಹುಲ್ಲುಗಾವಲು, ಅದರ ಮಡಿಕೆಗಳಲ್ಲಿ ನೀರಿರುವ ಕಡೆ ಮಾತ್ರ ದಟ್ಟ ಮರಗಳ ಸೋಲೆ. ಹುಲ್ಲು ತೋಡರ ಎಮ್ಮೆಗಳದ್ದು. ಬಂದವರಿಗೆ ಅದು ಖಾಲಿ ಜಾಗ ಎನಿಸಿತು. 1843ರಲ್ಲಿ ನೀಲಗಿರಿ ಮರ ಬಂತು. ನಾವು ನೀಲಗಿರಿ ಎಂದೇ ಕರೆಯುವ ಆ ಮರ ನೀಲಗಿರಿಯದ್ದಲ್ಲ, ಆಸ್ಟ್ರೇಲಿಯಾದ್ದು. ಅದೇ ನಾಡಿನಿಂದ ಅಕೇಶಿಯಾಗಳೂ ಬಂದವು. ಜ್ವರಕ್ಕೆ ಕ್ವಿನೀನ್ ಬೇಕೆಂದು 1860ರಿಂದ ಸಿಂಕೋನಾ ನೆಟ್ಟರು. ಆಮೇಲೆ ಚಾ. ಖಾಲಿ ಎಂದು ಬರೆದಿಟ್ಟ ಜಾಗವನ್ನು ತುಂಬಿಸುತ್ತಾ ಹೋದರು, ಎಮ್ಮೆಗೆ ಹುಲ್ಲು ಸಾಲದೆ ಹೋಯಿತು. ಇವತ್ತು ಹುಲ್ಲುಗಾವಲನ್ನು ಮತ್ತೆ ಬೆಳೆಸಲು ಒದ್ದಾಡುತ್ತಿರುವವರು ಹಳೆಯ ಚಿತ್ರಗಳನ್ನೂ ವರ್ಣನೆಗಳನ್ನೂ ಹುಡುಕುವುದು ಇದೇ ಕಾರಣಕ್ಕೆ. ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಡುವ ಕುರಿಂಜಿಯ ಲೆಕ್ಕ 1838ರಿಂದ ಸಿಗುತ್ತದೆ. ಅಲ್ಲಿಂದ ಎಣಿಸುತ್ತಾ ಬಂದರೆ 2006, 2018 ಎಂದು ಸರಿಯಾಗಿ ಬರುತ್ತದೆ. ಯಾರೋ ಒಬ್ಬರು ತಾರೀಕು ಹಾಕಿ ಬರೆದಿಟ್ಟದ್ದರ ಉಪಯೋಗ ಅದು.

ಊಟಿಯ ಬಗ್ಗೆ ಇಷ್ಟು ಬರೆದವರು ಗುಡಲೂರಿನ ಬಗ್ಗೆ ಬರೆದದ್ದು ಕಡಿಮೆ. ಅದು ದಾಟಿ ಹೋಗುವ ಊರು, ಜ್ವರದ ಊರು. 1877ರವರೆಗೆ ಈ ಕಡೆಯ ವಯನಾಡು ಮಲಬಾರ್ ಜಿಲ್ಲೆಯಲ್ಲಿತ್ತು, ಆ ವರ್ಷ ನೀಲಗಿರಿಗೆ ಸೇರಿಸಿದರು. ಎರಡೇ ವರ್ಷದಲ್ಲಿ ಚಿನ್ನದ ಹುಚ್ಚು ಶುರುವಾಯಿತು. ದೇವಾಲ, ಪಂದಲೂರುಗಳಲ್ಲಿ ಹತ್ತಾರು ಕಂಪೆನಿಗಳು, ಲಂಡನಿನ ದುಡ್ಡು, ಘಟ್ಟ ಹತ್ತಿ ಬಂದ ಯಂತ್ರಗಳು. ನಾಲ್ಕೈದು ವರ್ಷದೊಳಗೆ ಎಲ್ಲ ಮುಗಿದು ಯಂತ್ರ ಕಾಡಿನಲ್ಲಿ ತುಕ್ಕು ಹಿಡಿಯಿತು. ಕಾಫಿ, ಚಾ ಉಳಿದವು. ಅದರ ಬೆನ್ನಿಗೆ ಮಲಬಾರಿನಿಂದ ಮಾಪಿಳ್ಳೆಯರು, ಆಮೇಲೆ ತಿರುವಾಂಕೂರಿನ ಕಡೆಯಿಂದ ಕ್ರೈಸ್ತರು, 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಸಿಲೋನಿನ ತೋಟಗಳಿಂದ ತಮಿಳರು ಬಂದರು. ಮೊದಲಿನಿಂದ ಇದ್ದ ಪಣಿಯರು, ಬೆಟ್ಟ ಕುರುಂಬರು, ಮುಳ್ಳು ಕುರುಂಬರು, ಕಾಟ್ಟುನಾಯಕರು ಇದ್ದೇ ಇದ್ದರು. ಚಾ ಅಂಗಡಿಯಲ್ಲಿ ಮೂರು ಭಾಷೆ ಒಟ್ಟಿಗೆ ಕೇಳುವುದು ಇದರಿಂದ.

ಜಮೀನಿನ ಕಥೆ ಈಗ ಹೇಳಬಹುದು. ಗುಡಲೂರಿನ ಬಹುಪಾಲು ನೆಲ ನಿಲಂಬೂರು ಕೋವಿಲಗದ ಜನ್ಮಂ ಆಸ್ತಿ. 1969ರಲ್ಲಿ ತಮಿಳುನಾಡು ಸರ್ಕಾರ ಜನ್ಮಂ ರದ್ದು ಕಾಯ್ದೆ ಮಾಡಿತು. ಸುಮಾರು 80 ಸಾವಿರ ಎಕರೆಯ ಪ್ರಶ್ನೆ. ವ್ಯಾಜ್ಯದ ಮೇಲೆ ವ್ಯಾಜ್ಯ ಬಿದ್ದು ದಶಕಗಳು ಕಳೆದವು, ಸಾವಿರಾರು ಮನೆಗಳು ಪಟ್ಟಾ ಇಲ್ಲದೆ ಉಳಿದವು. ಅದೇ ಕೋವಿಲಗದ ಟಿ.ಎನ್. ಗೋದವರ್ಮನ್ ತಿರುಮುಲ್ಪಾಡ್ ಗುಡಲೂರಿನಲ್ಲಿ ಕಾಡು ಕಡಿಯುವುದನ್ನು ಕಂಡು 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 12ರ ಆದೇಶ ಇಡೀ ದೇಶದಲ್ಲಿ ಕಾಡು ಎಂದರೆ ಏನು ಎಂಬುದರ ಅರ್ಥವನ್ನೇ ಬದಲಾಯಿಸಿತು. ಕರ್ನಾಟಕದ ಮಲೆನಾಡಿನಲ್ಲಿ ಒತ್ತುವರಿ ತೆರವಿನ ನೋಟಿಸು ಬಂದಾಗ ಹೇಳುವ 'ಗೋದವರ್ಮನ್ ಕೇಸು' ಹುಟ್ಟಿದ್ದು ಇಲ್ಲಿ. ಮಸಿನಗುಡಿಯ ಕಡೆ ಇನ್ನೊಂದು ಬಗೆ. ಆನೆ ಓಡಾಡುವ ದಾರಿ ಎಂದು 2010ರಲ್ಲಿ ಸರ್ಕಾರ ಗುರುತಿಸಿದ ಜಾಗದಲ್ಲಿ ರೆಸಾರ್ಟುಗಳಿದ್ದವು, ಆ ಅಧಿಸೂಚನೆಯನ್ನು 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆನೆ ಎಲ್ಲಿ ನಡೆಯುತ್ತಿತ್ತು ಎಂಬುದಕ್ಕೂ ಬರಹದ ಸಾಕ್ಷಿ ಬೇಕಾಗುತ್ತದೆ. ಸೀಗೂರು ಕಾಡಿನ ಅಂಚಿನಲ್ಲಿ ಮನೆ ಮಾಡಿಕೊಂಡಿದ್ದ ವಕೀಲ ಇ.ಆರ್.ಸಿ. ದಾವಿದಾರ್ ದಶಕಗಟ್ಟಲೆ ಮನೆಯೆದುರು ಹಾದುಹೋದ ಪ್ರಾಣಿಗಳನ್ನು ನೋಡಿ ಬರೆದ 'ಚೀತಲ್ ವಾಕ್' ಅಂಥ ಒಂದು ಪುಸ್ತಕ.

2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳಲ್ಲಿ ಸಾಕ್ಷಿ ಎಂದರೆ ಏನೇನು ಎಂದು ಪಟ್ಟಿ ಇದೆ. ಗೆಜೆಟಿಯರು, ಸರ್ವೆ ನಕ್ಷೆ, ಸಂಶೋಧನೆಯ ಬರಹ ಅದರಲ್ಲಿವೆ. ಗೋರಿ, ದೇವರ ಕಾಡು, ಹಳೆಯ ಬಾವಿ ಇವೆ. ಹಕ್ಕು ಕೇಳುವವರಲ್ಲದ ಹಿರಿಯರ ಮಾತನ್ನು ಬರೆದುಕೊಂಡರೆ ಅದೂ ಸಾಕ್ಷಿಯೇ. ಬುಡಕಟ್ಟಿಗೆ ಸೇರದ ಕಾಡುವಾಸಿಗಳು ಮಾತ್ರ 2005ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡಿನಲ್ಲಿ ಇದ್ದದ್ದನ್ನು ತೋರಿಸಬೇಕು. ಯಾರದೋ ಪ್ರವಾಸದ ದಿನಚರಿಯ ಸಾಲು ಹೊರಗಿನವರ ಕುತೂಹಲವಾಗಿ ಹುಟ್ಟಿ ಒಬ್ಬನ ಮನೆಗೆ ಆಧಾರವಾಗಬಲ್ಲದು. ಗಲ್ಲಾದ ಹಿರಿಯರು ನಕ್ಕದ್ದು ಯಾಕೆ ಎಂದು ಆಗ ನನಗೆ ಅರ್ಥವಾಯಿತು.

ಹಾಗಾದರೆ ಬೆಟ್ಟದವರು ತಮ್ಮದನ್ನು ಎಲ್ಲಿ ಇಟ್ಟರು? ಭಾಷಾವಿಜ್ಞಾನಿ ಎಂ.ಬಿ. ಎಮಿನೋ 1935ರಿಂದ ಮೂರು ವರ್ಷ ನೀಲಗಿರಿ, ಕೊಡಗುಗಳಲ್ಲಿ ಓಡಾಡಿ ಇದಕ್ಕೆ ಉತ್ತರ ಕಂಡುಕೊಂಡರು. ತೋಡರು ಹಾಡಿನಲ್ಲಿ ಇಟ್ಟಿದ್ದರು. ಯಾವುದೇ ಸಂದರ್ಭಕ್ಕೆ, ಮದುವೆಗೆ, ಸಾವಿಗೆ, ಹೊಸ ಎಮ್ಮೆಗೆ, ಯಾರೋ ಸಾಹೇಬ ಬಂದದ್ದಕ್ಕೂ ಅಲ್ಲೇ ಕಟ್ಟಿ ಹಾಡುತ್ತಿದ್ದರು. ಪ್ರತಿ ಮಂಡ್, ಪ್ರತಿ ಗುಡ್ಡ, ಪ್ರತಿ ತೊರೆಗೆ ಜೋಡಿ ಜೋಡಿಯಾಗಿ ಹೇಳುವ ಹೆಸರುಗಳು ಆ ಹಾಡುಗಳಲ್ಲಿದ್ದವು. ಇನ್ನೂರಕ್ಕೂ ಹೆಚ್ಚು ಹಾಡುಗಳ ಆ ಸಂಗ್ರಹ 1971ರಲ್ಲಿ ದಪ್ಪ ಪುಸ್ತಕವಾಯಿತು. ಮೆಕಾಲೆಗೆ ತನ್ನ ಊರಿನ ಕಾಡು ನೆನಪಾದ ಅದೇ ಹುಲ್ಲುಗಾವಲಿನ ಅಂಗುಲಂಗುಲಕ್ಕೂ ತೋಡರ ಬಾಯಲ್ಲಿ ಹೆಸರಿತ್ತು.

ಕೋತರ ಕಥೆಗಳನ್ನು ಎಮಿನೋಗೆ ಹೇಳಿದವರು ಸುಳ್ಳಿ ಎಂಬ ಕೋತರು. ಕಮ್ಮಾರರು, ಕುಂಬಾರರು, ವಾದ್ಯದವರು ಎಂದು ಎಲ್ಲರೂ ಕೆಳಗಿಟ್ಟಿದ್ದ ಸಮುದಾಯದಿಂದ ಬಂದು ಇಂಗ್ಲಿಷ್ ಕಲಿತು ಮೇಷ್ಟ್ರಾದವರು. ಅವರು ಹೇಳುತ್ತಾ ಹೋದರು, ಎಮಿನೋ ಬರೆಯುತ್ತಾ ಹೋದರು. 1944ರಿಂದ 46ರವರೆಗೆ ಅದು ಪುಸ್ತಕವಾಗಿ ಬಂತು. ಕೋತ ಭಾಷೆಗೆ ಲಿಪಿ ಇರಲಿಲ್ಲ. ಬ್ಯಾರಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮ ಬಾಸೆಯೂ ಬಾಯಲ್ಲೇ ಬದುಕಿ, ಬರೆಯುವ ಹೊತ್ತಿಗೆ ಕನ್ನಡದ ಅಕ್ಷರವನ್ನೋ ಅರಬಿ–ಮಲಯಾಳಂ ಅಕ್ಷರವನ್ನೋ ಸಾಲ ತಂದದ್ದು. ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾದದ್ದು ಈಚೆಗೆ, 2007ರಲ್ಲಿ. ಅದಕ್ಕೆ ಮೊದಲಿನ ನಮ್ಮ ಬದುಕನ್ನು ಹುಡುಕುವವನು ಮದುವೆ ಹಾಡು, ಗಾದೆ, ಕಿತಾಬಿನ ಕೊನೆಯ ಹಾಳೆಯಲ್ಲಿ ಗೀಚಿದ ಹುಟ್ಟಿದ ತಾರೀಕು ಇಂಥವನ್ನೇ ನಂಬಬೇಕು. ಅಂಗಡಿಯ ಹಿಸಾಬಿನ ಪುಸ್ತಕವನ್ನೂ ಅದಕ್ಕೆ ಸೇರಿಸಿಕೊಳ್ಳಿ.

ಗುಡಲೂರಿನಿಂದ ಬಂದ ವಾರ ನಮ್ಮ ಮನೆಯ ಅಟ್ಟ ಹತ್ತಿದೆ. ಅಜ್ಜ ಘಟ್ಟದ ಮೇಲೆ ವ್ಯಾಪಾರ ಮಾಡುತ್ತಿದ್ದರು ಎಂದು ಉಪ್ಪ ಹೇಳುತ್ತಿದ್ದರು, ಯಾವ ಊರು ಎಂದು ನಾನು ಆಗ ಕೇಳಿರಲಿಲ್ಲ. ಉಪ್ಪ ಈಗ ಇಲ್ಲ. ತಗಡಿನ ಪೆಟ್ಟಿಗೆಯಲ್ಲಿ ಎರಡು ಪುಸ್ತಕ ಸಿಕ್ಕಿದವು, ಒಂದನ್ನು ಗೆದ್ದಲು ಪೂರ್ತಿ ತಿಂದಿತ್ತು. ಇನ್ನೊಂದರಲ್ಲಿ ಕನ್ನಡ ಅಂಕಿಗಳು, ಒಣಮೀನಿನ ತೂಕ, ಗಾಡಿಯವನ ಬಾಡಿಗೆ, ಸಾಲ ಹೇಳಿದವರ ಅಡ್ಡಹೆಸರುಗಳು. ವರ್ಷ ಎಲ್ಲಿಯೂ ಇಲ್ಲ, ಊರಿನ ಹೆಸರೂ ಇಲ್ಲ. ಉಮ್ಮ ಕನ್ನಡಕ ಹಾಕಿಕೊಂಡು ಹಾಳೆ ತಿರುವಿ, ಇದು ಅಜ್ಜನ ಅಕ್ಷರವೇ ಎಂದರು. ನಡುವೆ ಒಂದು ಪುಟದಲ್ಲಿ ಲೆಕ್ಕವೇ ಇರಲಿಲ್ಲ. ಮೇಲ್ಗಡೆ ಒಂದೇ ಸಾಲು ಇತ್ತು: ಮೂರು ದಿನ ಮಳೆ, ಅಂಗಡಿ ತೆರೆಯಲಿಲ್ಲ, ಗಾಡಿಯವನಿಗೆ ಜ್ವರ.